ಕ್ಲಬ್ ಡಿಜೆಗಳಿಗೆ ವಿನೈಲ್ ರೆಕಾರ್ಡ್ ಸೂಕ್ತವೋ, ಸಿಡಿ ಸೂಕ್ತವೋ?

ಪ್ರಶ್ನೆ:
ಇದುವರೆಗೆ ನಾನು ವಿನೈಲ್ ರೆಕಾರ್ಡ್‌ಗಳನ್ನು ಮಾತ್ರ ನುಡಿಸಿದ್ದೇನೆ. ಈಗ ಕ್ಲಬ್‌ನಲ್ಲಿ ಟರ್ನ್‌ಟೇಬಲ್‌ಗಳ ಪಕ್ಕದಲ್ಲೇ ಸಿಡಿ ಪ್ಲೇಯರ್‌ಗಳನ್ನೂ ಇಟ್ಟಿದ್ದಾರೆ. ವಿನೈಲ್‌ನ ಧ್ವನಿಯೇ ಶ್ರೇಷ್ಠವೆಂಬ ಮಾತು ಕ್ಲಬ್‌ನ ದೊಡ್ಡ ಸ್ಪೀಕರ್‌ಗಳ ಮುಂದೆಯೂ ನಿಲ್ಲುತ್ತದೆಯೇ? ಸಿಡಿಗೆ ಬದಲಾದರೆ ಇಷ್ಟು ದಿನ ರೂಢಿಸಿಕೊಂಡ ಕೈಚಳಕ ವ್ಯರ್ಥವಾಗುವುದೇ?

ಉತ್ತರ 1:
ಮನೆಯಲ್ಲಿ ಕುಳಿತು ಕೇಳುವವರ ವಾದವನ್ನು ಕ್ಲಬ್‌ಗೆ ಹಾಗೆಯೇ ಅನ್ವಯಿಸಲಾಗದು. ಸೂಜಿಯು ರೆಕಾರ್ಡ್‌ನಲ್ಲಿ ಹಾಡು ಕೆತ್ತಿರುವ ಗೀರನ್ನಷ್ಟೇ ಅಲ್ಲದೆ ಮೇಜಿನ ಅದುರನ್ನೂ ಹಿಡಿಯುವುದರಿಂದ, ಬಾಸ್ ಸ್ಪೀಕರ್‌ನ ಕಂಪನ ಸೂಜಿಗೆ ತಲುಪಿ, ಅಲ್ಲಿಂದ ಮತ್ತೆ ಸ್ಪೀಕರ್‌ಗೆ ಹೋಗಿ, ಸುತ್ತು ಸುತ್ತಾಗಿ ಬೆಳೆದು ಗುಂಯ್ಗುಡತೊಡಗುತ್ತದೆ. ಟರ್ನ್‌ಟೇಬಲ್‌ನ ಕೆಳಗೆ ಭಾರವಾದ ಕಲ್ಲುಚಪ್ಪಡಿ ಅಥವಾ ರಬ್ಬರ್ ಇಡುವುದು ಇದಕ್ಕಾಗಿಯೇ. ಸಿಡಿಗೆ ಈ ಕಾಟವಿಲ್ಲ. ಆದರೂ 12 ಇಂಚಿನ ರೆಕಾರ್ಡ್‌ನ ಒಂದು ಬದಿಗೆ ಒಂದೇ ಹಾಡನ್ನು ಅಗಲವಾದ ಗೀರುಗಳಲ್ಲಿ ಕೆತ್ತಿದಾಗ ಸಿಗುವ ಧ್ವನಿಯ ಗಟ್ಟಿತನವನ್ನು ಅಲ್ಲಗಳೆಯಲಾರೆ.

ಉತ್ತರ 2:
ಕೈಚಳಕದ ಬಗ್ಗೆ ಹೇಳುವುದಾದರೆ, 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್, ಅದರಲ್ಲೂ 1979ರ ಎಂಕೆ2 ಮಾದರಿ, ಡಿಜೆಗಳ ಕೈಯನ್ನು ಪಳಗಿಸಿದ ಯಂತ್ರ. ವೇಗವನ್ನು ಶೇಕಡಾ 8ರಷ್ಟು ಏರಿಳಿಸುವ ಜಾರುಗುಂಡಿ, ತಿರುಗುವ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ಎರಡು ಹಾಡುಗಳ ತಾಳ ಕೂಡಿಸುವ ಅಭ್ಯಾಸ, ಎಲ್ಲವೂ ಅದರೊಂದಿಗೆ ರೂಢಿಯಾದವು. 2001ರಲ್ಲಿ ಪಯೋನಿಯರ್ ಸಿಡಿಜೆ-1000 ಎಂಬ ಸಿಡಿ ಪ್ಲೇಯರ್ ಕೈಯಿಂದ ತಿರುಗಿಸುವ ತನ್ನ ದೊಡ್ಡ ಜಾಗ್ ಚಕ್ರದಿಂದ ಅದನ್ನೇ ಅನುಕರಿಸಿತು. ಆದ್ದರಿಂದ ನಿಮ್ಮ ಕಿವಿಯೂ ಬೆರಳೂ ಕಲಿತದ್ದು ವ್ಯರ್ಥವಾಗದು. ಒಂದು ವಿಷಯ ಮಾತ್ರ ನಷ್ಟವೇ ಸರಿ: ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತಾಳವಾದ್ಯ ನಿಂತು ಹಾಡು ತಿಳಿಯಾಗುವ ಜಾಗ ಬೇರೆ ಛಾಯೆಯ ಪಟ್ಟಿಯಾಗಿ ಕಾಣುತ್ತದೆ, ಸೂಜಿಯನ್ನು ಅಲ್ಲಿಗೇ ಇಳಿಸಬಹುದು. ಸಿಡಿಯ ಹೊಳಪು ಏನನ್ನೂ ಹೇಳದು.

ಉತ್ತರ 3:
ಧ್ವನಿಗಿಂತ ಹಾಡುಗಳ ಲಭ್ಯತೆಯೇ ಇದನ್ನು ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬಿಡುಗಡೆಯಾಗದ ಹಾಡನ್ನು ನುಡಿಸಲು ಹಿಂದೆ ಡಬ್‌ಪ್ಲೇಟ್, ಅಂದರೆ ಒಂದೊಂದಾಗಿ ಕೆತ್ತುವ ಮೆದು ರೆಕಾರ್ಡ್, ಕೆತ್ತಿಸಬೇಕಿತ್ತು. ಅದು ದುಬಾರಿ, ಮೇಲಾಗಿ ನುಡಿಸಿದಷ್ಟೂ ಸವೆಯುತ್ತದೆ. ನಾವೇ ಹಾಡು ತುಂಬಿಸಬಹುದಾದ ಖಾಲಿ ಸಿಡಿ (ಸಿಡಿ-ಆರ್) ಆದರೆ ಮಧ್ಯಾಹ್ನ ಮುಗಿಸಿದ ಹಾಡನ್ನು ಅದೇ ರಾತ್ರಿ ನುಡಿಸಬಹುದು. ಆದರೆ ಗೀಚಿದ ರೆಕಾರ್ಡ್ ಬಹುತೇಕ ಟಿಕ್ ಎಂದು ಮುಂದುವರಿದರೆ, ಗೀಚಿದ ಸಿಡಿ ನಡುವೆಯೇ ತೊದಲಿ ನಿಂತುಬಿಡಬಹುದು. ಹಳೆಯ ರೆಕಾರ್ಡ್‌ಗಳನ್ನು ಮಾರದೆ, ಹೊಸ ಹಾಡುಗಳಿಗಷ್ಟೇ ಸಿಡಿ ಬಳಸಿ. ಪ್ರತಿಯೊಂದು ಸಿಡಿಗೂ ಎರಡು ಪ್ರತಿಗಳನ್ನು ಇಟ್ಟುಕೊಳ್ಳಿ.