ಅಪ್‌ಡೇಟ್: ಅಪ್ಪನ ಟ್ರಂಪೆಟ್ ಮತ್ತೆ ನುಡಿಯುತ್ತಿದೆ

ಮದುವೆ ಬ್ಯಾಂಡಿನಲ್ಲಿ ಅಪ್ಪ ಊದುತ್ತಿದ್ದ ಮೀರತ್‌ನಲ್ಲಿ ತಯಾರಾದ ಟ್ರಂಪೆಟ್‌ನ ಎರಡನೇ ವಾಲ್ವ್ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಗುಂಡಿ) ಒತ್ತಿದರೆ ಮೇಲೆ ಬರುತ್ತಿಲ್ಲ ಎಂದು ಕೇಳಿದ್ದೆ. ಹಲವರು ಸ್ಪ್ರಿಂಗ್ ಬದಲಿಸಿ ಎಂದಿರಿ. ಬದಲಿಸಿದೆ, ಸರಿಹೋಗಲಿಲ್ಲ. ಕೇಸಿಂಗ್, ಅಂದರೆ ವಾಲ್ವ್ ಕೂರುವ ಕೊಳವೆ, ನೋಡಿಸಿ ಎಂದವರ ಮಾತೇ ನಿಜವಾಯಿತು, ಅವರಿಗೆ ದೊಡ್ಡ ನಮಸ್ಕಾರ.

ಎರಡನೇ ವಾಲ್ವ್‌ನ ಪುಟ್ಟ ಸ್ಲೈಡ್ (ಎಳೆದು ತೆಗೆಯಬಹುದಾದ ಬಾಗಿದ ಕೊಳವೆ) ಪಕ್ಕಕ್ಕೆ ಚಾಚಿಕೊಂಡಿರುತ್ತದಲ್ಲ, ಅದಕ್ಕೆ ಪೆಟ್ಟು ಬಿದ್ದರೆ ಒಳಗೆ ಕೇಸಿಂಗೇ ತಗ್ಗಾಗುತ್ತದಂತೆ. ವಾಲ್ವ್ ಒತ್ತಿದಾಗ ಒಳಗೆ ಜಾರುವ ಪಿಸ್ಟನ್‌ಗೂ ಕೇಸಿಂಗ್‌ಗೂ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ. ತುಸು ತಗ್ಗಾದರೂ ಸಾಕು, ಹಿಡಿದುಕೊಳ್ಳುತ್ತದೆ. ರಿಪೇರಿಯವರು ಒಳಗಿನಿಂದ ತಗ್ಗೆತ್ತಿ ಕೊಟ್ಟರು. ಇದೇ ತೊಂದರೆ ಇರುವವರು ದಯವಿಟ್ಟು ಪಿಸ್ಟನ್‌ಗೆ ಮರಳುಕಾಗದ ಹಾಕಬೇಡಿ. ಸವೆದರೆ ಗಾಳಿ ಸೋರುತ್ತದೆ, ಸ್ವರ ಸೊರಗುತ್ತದೆ.

ಅಪ್ಪ ದಿನಾ ಸಂಜೆ ತುಟಿ ಪಳಗಿಸುತ್ತಿದ್ದಾರೆ. ಮೇಲಿನ ಸ್ವರಗಳು ಇನ್ನೂ ಹಿಡಿತಕ್ಕೆ ಬಂದಿಲ್ಲ.