ಡ್ರಿಲ್ ಚಕ್ 0.4 ಎಂಎಂ ಔಟ್ ಬರುತ್ತಿದೆ, ದಯವಿಟ್ಟು ಸಹಾಯ ಮಾಡಿ

ಶೆಡ್_ಕೆಲಸ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಮಿಲ್ಲಿಂಗ್ ಮೆಷಿನ್‌ಗೆ ಚಕ್ (ಬಿಟ್ ಹಿಡಿಯುವ ಭಾಗ) ಹಾಕಿ ತಿರುಗಿಸಿದರೆ ಬಿಟ್ ತುದಿ ಆಡುವುದು ಕಣ್ಣಿಗೇ ಕಾಣುತ್ತದೆ. ಡಯಲ್ (ಮುಳ್ಳಿರುವ ಅಳತೆ ಗೇಜ್) ಇಟ್ಟು ನೋಡಿದೆ, 0.4 ಔಟ್, ಅಂದರೆ ತಿರುಗುವಾಗ ಅಷ್ಟು ಆಚೀಚೆ ಆಡುತ್ತಿದೆ. 6 ಎಂಎಂ ಬಿಟ್ ಹಾಕಿದರೆ ತೂತು 6.3 ಆಗುತ್ತಿದೆ. ಎರಡು ಅಲ್ಯೂಮಿನಿಯಂ ಪ್ಲೇಟ್ ಹಾಳಾಯಿತು. ಚಕ್ ಹೊಸದು. ಏನು ಮಾಡಲಿ?

ಹಳೇ_ಫಿಟ್ಟರ್:
ಸ್ಪಿಂಡಲ್ (ಚಕ್ ತಿರುಗಿಸುವ ದಂಡ) ಬೇರಿಂಗ್ ಹೋಗಿದೆ. ಚಕ್ ಹೊಸದು ಅಂದಮೇಲೆ ಇನ್ನೇನಿರುತ್ತೆ? ಬಿಚ್ಚಿ ಬದಲಾಯಿಸಿ.

ಪೀಣ್ಯ_ಟರ್ನರ್:
ಬಿಚ್ಚಬೇಡಿ, ನಿಲ್ಲಿ. ಯಾವ ಮೆಷಿನ್? ಸ್ಪಿಂಡಲ್ ಟೇಪರ್ (ತುದಿಗೆ ಕಿರಿದಾಗುವ ಕೂಡಿಕೆ) ಯಾವುದು? ಚಕ್ ಕೀ ಇರುವುದೋ, ಕೈಯಲ್ಲೇ ಬಿಗಿ ಮಾಡುವುದೋ? ಡಯಲ್ ಎಲ್ಲಿ ಇಟ್ಟಿರಿ?

ಶೆಡ್_ಕೆಲಸ:
ಟೇಬಲ್ ಮೇಲಿಡುವ ಸಣ್ಣ ಮೆಷಿನ್ ಸರ್. ಎಂಟಿ3 (ಮೋರ್ಸ್ ಟೇಪರ್, ಸೈಜ್ 3). ಕೀ ಚಕ್, 13 ಎಂಎಂ. ಆರ್ಬರ್ (ಚಕ್ ಮತ್ತು ಸ್ಪಿಂಡಲ್ ಕೂಡಿಸುವ ದಂಡ) ಬಿ16, ಅದು ಚಕ್ ಕೂರುವ ಕಡೆಯ ಟೇಪರ್ ಸೈಜ್. ಡಯಲ್ ಬಿಟ್ ಮೇಲೇ ಇಟ್ಟೆ, ತುದಿ ಹತ್ತಿರ.

ಪೀಣ್ಯ_ಟರ್ನರ್:
ಬಿಟ್ ಮೇಲೆ ಅಳೆದರೆ ಏನೂ ಗೊತ್ತಾಗಲ್ಲ. ಬಿಟ್ ತಾನೇ ಬಗ್ಗಿರಬಹುದು, ಅದರ ಫ್ಲೂಟ್ (ಸುರುಳಿ ಗಾಡಿ) ಮೇಲೆ ಡಯಲ್ ಮುಳ್ಳು ಹಾರುತ್ತದೆ. ಚಕ್‌ನಲ್ಲಿ ಒಂದು ಡೋವೆಲ್ ಪಿನ್ (ನೇರವಾದ ನುಣುಪು ಉಕ್ಕಿನ ಕಡ್ಡಿ) ಹಿಡಿಯಿರಿ. ಕೀಯನ್ನು ಮೂರೂ ತೂತಿನಲ್ಲಿ ಹಾಕಿ ಬಿಗಿ ಮಾಡಿ. ಮೆಷಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತಂದು ಕೈಯಲ್ಲೇ ತಿರುಗಿಸಿ. ಜಾ (ಚಕ್‌ನ ಹಿಡಿಯುವ ದವಡೆ) ಹತ್ತಿರ ಒಂದು ಓದು, 60 ಎಂಎಂ ಕೆಳಗೆ ಇನ್ನೊಂದು. ಎರಡೂ ಒಂದೇ ಇದ್ದರೆ ಚಕ್ ಪಕ್ಕಕ್ಕೆ ಸರಿದಿದೆ. ಕೆಳಗೆ ಜಾಸ್ತಿ ಆದರೆ ಓರೆ ಕೂತಿದೆ.
ಆಮೇಲೆ ಚಕ್ ಆರ್ಬರ್ ಸಮೇತ ತೆಗೆದು, ಸ್ಪಿಂಡಲ್ ಒಳಗಿನ ಟೇಪರ್‌ಗೆ ಪುಪ್ಪಿ ಡಯಲ್ (ಸಣ್ಣ ಲಿವರ್ ಇರುವ ಡಯಲ್) ಇಡಿ.

ಹಳೇ_ಫಿಟ್ಟರ್:
ಇಷ್ಟೆಲ್ಲ ಯಾಕೆ? ಸ್ಪಿಂಡಲ್ ಹಿಡಿದು ಆಚೆ ಈಚೆ ಅಲ್ಲಾಡಿಸಿ. ಪ್ಲೇ ಇದ್ದರೆ ಬೇರಿಂಗ್. ನಾನು ನೋಡಿದ ಹತ್ತರಲ್ಲಿ ಎಂಟು ಬೇರಿಂಗೇ.

ವಿಎಂಸಿ_ರಾಯ:
ಚಕ್ ಬಿಟ್ಟುಬಿಡಿ. ನನ್ನದು ಬಿಟಿ40 (ಬೇರೆ ಬಗೆಯ ಟೇಪರ್) ಸ್ಪಿಂಡಲ್, ಎಲ್ಲಾ ಡ್ರಿಲ್ಲಿಗೂ ಇಆರ್32 ಕೊಲೆಟ್ (ಬಿಟ್ ಸುತ್ತಲೂ ಹಿಡಿಯುವ ಸೀಳಿದ ತೋಳು). 10 ಮೈಕ್ರಾನ್ ದಾಟಿಲ್ಲ. ಹೋಲ್ಡರ್‌ಗಳಿಗೆ ಮೊನ್ನೆ ಒಂದು ರ‍್ಯಾಕ್ ಮಾಡಿಸಿದೆ, ಫೋಟೋ ಹಾಕುತ್ತೇನೆ.

ಪೀಣ್ಯ_ಟರ್ನರ್:
ಅಣ್ಣ, ಅವರದು ಎಂಟಿ3. ಕೊಲೆಟ್ ಒಳ್ಳೇದೇ, ಆದರೆ ಒಂದೊಂದು ಸೈಜಿಗೂ ಬಿಚ್ಚಿ ಹಾಕಬೇಕು. ಮೊದಲು ತಪ್ಪು ಎಲ್ಲಿದೆ ನೋಡೋಣ.

ಶೆಡ್_ಕೆಲಸ:
ಅಳೆದೆ. ಸ್ಪಿಂಡಲ್ ಒಳಗೆ 0.01. ಪಿನ್ ಮೇಲೆ ಜಾ ಹತ್ತಿರ 0.12, ಕೆಳಗೆ 0.25. ಅಲ್ಲಾಡಿಸಿಯೂ ನೋಡಿದೆ, ಪ್ಲೇ ಇಲ್ಲ.

ಪೀಣ್ಯ_ಟರ್ನರ್:
ಸ್ಪಿಂಡಲ್ ಪಾಸ್. ಚಕ್ ಓರೆ ಕೂತಿದೆ. ಇನ್ನೊಂದು ನೋಡಿ: ಔಟ್ ಇರುವ ಕಡೆ ಚಕ್‌ಗೂ ಸ್ಪಿಂಡಲ್‌ಗೂ ಮಾರ್ಕರ್‌ನಲ್ಲಿ ಗೆರೆ ಹಾಕಿ. ಡ್ರಾಬಾರ್ (ಆರ್ಬರ್ ಮೇಲಕ್ಕೆ ಎಳೆದು ಹಿಡಿಯುವ ಉದ್ದ ಬೋಲ್ಟ್) ಸಡಿಲಿಸಿ, ಆರ್ಬರ್ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿ ಮಾಡಿ. ಔಟ್ ಚಕ್ ಗೆರೆ ಜೊತೆ ಬಂದರೆ ತಪ್ಪು ಆರ್ಬರ್ ಅಥವಾ ಚಕ್‌ನದು.

ಹಳೇ_ಫಿಟ್ಟರ್:
ಕೈಯಲ್ಲಿ ತಿರುಗಿಸುವಾಗ ಬೇರಿಂಗ್‌ಗೆ ಲೋಡ್ ಇರುವುದಿಲ್ಲ, ಅದಕ್ಕೇ ಗೊತ್ತಾಗುತ್ತಿಲ್ಲ.

ಪೀಣ್ಯ_ಟರ್ನರ್:
ಹಾಗಾದರೆ ಪಿನ್ ಮೇಲೆ ಮಾತ್ರ 0.25 ಯಾಕೆ ಬಂತು? ಅದೂ ಲೋಡ್ ಇಲ್ಲದೇ ಅಳೆದದ್ದು ತಾನೇ?

ಶೆಡ್_ಕೆಲಸ:
ಔಟ್ ಚಕ್ ಜೊತೆಗೇ ಬಂತು! ಎರಡು ಬೆಣೆ ಎದುರುಬದುರು ಬಡಿದು ಚಕ್ ಬಿಚ್ಚಿದೆ. ಆರ್ಬರ್‌ನ ಬಿ16 ಮೂಗಿಗೆ ಡಯಲ್ ಇಟ್ಟರೆ ಸುತ್ತಲೂ 0.015, ಒಂದೇ ಜಾಗದಲ್ಲಿ ಮುಳ್ಳು ಟಕ್ ಅಂತ ಹಾರುತ್ತದೆ. ಉಗುರು ಎಳೆದೆ, ಸಿಕ್ಕಿಕೊಂಡಿತು. ಸಾಸಿವೆ ಕಾಳಷ್ಟು ನೆಗ್ಗು, ಅದರ ಅಂಚು ಎದ್ದಿದೆ. ಚಕ್ ಹೊಸದು, ಆದರೆ ಆರ್ಬರ್ ಹಳೇದು. ಒಂದು ಸಲ ಸಿಮೆಂಟ್ ನೆಲದ ಮೇಲೆ ಬಿದ್ದಿತ್ತು. ಮೊದಲೇ ಹೇಳಬೇಕಿತ್ತು.

ಪೀಣ್ಯ_ಟರ್ನರ್:
ಅದೇ ಕಳ್ಳ. ಅರದಿಂದ ಉಜ್ಜಬೇಡಿ. ನುಣುಪು ಆಯಿಲ್ ಸ್ಟೋನ್ ಚಪ್ಪಟೆಯಾಗಿ ಇಟ್ಟು ಎದ್ದ ಅಂಚನ್ನು ಮಾತ್ರ ತೆಗೆಯಿರಿ. ತಗ್ಗು ಹಾಗೇ ಇರಲಿ, ಅದು ಏನೂ ಮಾಡುವುದಿಲ್ಲ. ಎರಡೂ ಟೇಪರ್ ಥಿನ್ನರ್‌ನಲ್ಲಿ ಒರೆಸಿ, ಒಂದು ಹನಿ ಎಣ್ಣೆಯೂ ಉಳಿಯಬಾರದು. ಜಾ ಪೂರ್ತಿ ಒಳಕ್ಕೆ ಎಳೆದು, ನೈಲಾನ್ ಸುತ್ತಿಗೆಯಲ್ಲಿ ನೇರವಾಗಿ ಒಂದೇ ಏಟು.

ಶೆಡ್_ಕೆಲಸ:
ಜಾ ಹತ್ತಿರ 0.05, ಕೆಳಗೆ 0.07. ಸೆಂಟರ್ ಡ್ರಿಲ್ ಮಾಡಿ 6 ಎಂಎಂ ಹಾಕಿದೆ, ತೂತು 6.06. ತುಂಬಾ ಥ್ಯಾಂಕ್ಸ್ ಸರ್. ಇನ್ನೂ ಇಳಿಸಬಹುದಾ?

ಪೀಣ್ಯ_ಟರ್ನರ್:
ಕೀ ಚಕ್‌ಗೆ ಇದು ಚೆನ್ನಾಗೇ ಇದೆ. ಆರ್ಬರ್ ಮೇಲೆ ಚಕ್ ಕಾಲು ಸುತ್ತು ತಿರುಗಿಸಿ ಕೂರಿಸಿ ನೋಡಿ, ಇನ್ನೂ ಸ್ವಲ್ಪ ಇಳಿದರೂ ಇಳಿಯಬಹುದು. ಇದಕ್ಕಿಂತ ಸರಿ ಬೇಕಾದ ತೂತಿಗೆ 5.8 ಬಿಟ್ ಹಾಕಿ, ಆಮೇಲೆ ರೀಮರ್ (ತೂತನ್ನು ಸರಿ ಅಳತೆಗೆ ತರುವ ಟೂಲ್) ಓಡಿಸಿ. ಈ ಚಕ್‌ಗೆ ಎಂಡ್ ಮಿಲ್ (ಪಕ್ಕಕ್ಕೂ ಕೊರೆಯುವ ಕಟರ್) ಮಾತ್ರ ಹಿಡಿಯಬೇಡಿ. ಅಡ್ಡ ಒತ್ತಡಕ್ಕೆ ಬಿ16 ಕಳಚಿ ಚಕ್ ಬೀಳಬಹುದು.

ವಿಎಂಸಿ_ರಾಯ:
ರ‍್ಯಾಕ್ ಫೋಟೋ ಹಾಕಿದ್ದೇನೆ, ನೋಡಿ. 24 ಹೋಲ್ಡರ್ ಹಿಡಿಯುತ್ತದೆ.

ಹಳೇ_ಫಿಟ್ಟರ್:
ಆದರೂ ಒಂದು ಗಂಟೆ ಓಡಿಸಿ ಬೇರಿಂಗ್ ಕಡೆ ಕೈ ಇಟ್ಟು ನೋಡಿ. ಬಿಸಿ ಎಷ್ಟು ಅಂತ ಬರೆಯಿರಿ.