ನಡುವಿನ ಸಾಲಿನ ಎರಡು ಸೀಟು

ಗುಂಪು: ಸಾಗರದ ಮನೆ
ಭಾನುವಾರ

ಶ್ರೀಧರ ಚಿಕ್ಕಪ್ಪ, ಬೆಳಿಗ್ಗೆ 6:48
ಫಾರ್ವರ್ಡ್ ಮಾಡಿದ ಸಂದೇಶ: "ಹತ್ತು ಗಂಟೆ ಮೀರಿದ ವಿಮಾನ ಪ್ರಯಾಣವಿದ್ದರೆ ತುರ್ತು ನಿರ್ಗಮನ ಬಾಗಿಲಿನ ಸಾಲನ್ನೇ ಕೇಳಿ ಪಡೆಯಿರಿ. ಅದು ಸಿಗದಿದ್ದರೆ ಎಲ್ಲಕ್ಕಿಂತ ಮುಂದಿರುವ, ಎದುರಿಗೆ ಗೋಡೆಯಿರುವ ಸಾಲು. ಅದೂ ಇಲ್ಲದಿದ್ದರೆ ಕಿಟಕಿ. ನಡುವಿನ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ."

ಅಣ್ಣ, ಅತ್ತಿಗೆ ದುಬೈ ದಾರಿಯಾಗಿ ಸ್ಯಾನ್‌ಫ್ರಾನ್ಸಿಸ್ಕೋಗೆ, ಸುಮಾಳಲ್ಲಿಗೆ ಹೊರಡುವುದಕ್ಕೆ ಇನ್ನು ಹನ್ನೆರಡೇ ದಿನ ಉಳಿದಿದೆ, ಸೀಟು ಇನ್ನೂ ಆರಿಸಿಲ್ಲವೆಂದು ನಿನ್ನೆ ರಘು ಹೇಳಿದ. ಅಣ್ಣನ ಮಂಡಿನೋವಿಗೆ ಕಾಲು ಚಾಚಲು ಜಾಗವಿರುವ ಆ ಬಾಗಿಲಿನ ಸಾಲಿಗಿಂತ ಒಳ್ಳೆಯದು ಇರಲಾರದು. ಅದಕ್ಕೆ ಹೆಚ್ಚಿನ ಹಣ ಕೊಡಬೇಕಾದರೆ ನಾನು ಕೊಡುತ್ತೇನೆ.

ಸುಮಾ, ಬೆಳಿಗ್ಗೆ 7:20
ಚಿಕ್ಕಪ್ಪ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ತುರ್ತು ಬಾಗಿಲಿನ ಸಾಲನ್ನು ಅಪ್ಪನಿಗೆ ಕೊಡುವುದೇ ಇಲ್ಲ. ಅಲ್ಲಿ ಕುಳಿತವರು ಅಪಾಯದ ಹೊತ್ತಿನಲ್ಲಿ ಸಿಬ್ಬಂದಿಯ ಮಾತು ಕೇಳಿ, ಬಾಗಿಲು ತೆರೆಯಲು ನೆರವಾಗಿ, ಉಳಿದವರಿಗೆ ದಾರಿ ಮಾಡಿಕೊಡುವಷ್ಟು ಶಕ್ತರಾಗಿರಬೇಕೆಂಬುದು ನಿಯಮ. ನಾವು ಅಪ್ಪನಿಗೆ ವೀಲ್‌ಚೇರ್ ಕೇಳಿದ್ದೇವೆ. ವೀಲ್‌ಚೇರ್ ಕೇಳಿದವರನ್ನು ಆ ಸಾಲಿನಲ್ಲಿ ಕೂರಿಸುವುದಿಲ್ಲ. ಹಣ ಕೊಟ್ಟು ಕಾದಿರಿಸಿದರೂ ವಿಮಾನ ನಿಲ್ದಾಣದಲ್ಲಿ ಅಲ್ಲಿಂದ ಎಬ್ಬಿಸಿ, ಉಳಿದಿರುವ ಯಾವುದೋ ಮೂಲೆಯ ಸೀಟಿಗೆ ಕಳುಹಿಸುತ್ತಾರೆ.

ರಘು, ಬೆಳಿಗ್ಗೆ 7:41
ಸುಮಾ ಹೇಳಿದ್ದು ಸರಿ, ಅದನ್ನು ಬಿಟ್ಟುಬಿಡೋಣ. ಗೋಡೆಯ ಎದುರಿನ ಸಾಲು ಸಿಗಬಹುದಲ್ಲವೇ? ಮುಂದಿನವರು ತಮ್ಮ ಸೀಟನ್ನು ಹಿಂದಕ್ಕೆ ಬಾಗಿಸಿ ಅಪ್ಪನ ಮೊಣಕಾಲಿಗೆ ತಾಗಿಸುವ ತೊಂದರೆ ಅಲ್ಲಿಲ್ಲ. ಅಲ್ಲದೆ ಮುಂದೆ ಕುಳಿತರೆ ದುಬೈಯಲ್ಲಿ ಬೇಗ ಇಳಿದು ಎರಡನೆಯ ವಿಮಾನ ಹಿಡಿಯಬಹುದು.

ವಸಂತಾ ಅತ್ತೆ, ಬೆಳಿಗ್ಗೆ 8:05
ರಘು, ಆ ಸಾಲಿನಲ್ಲಿ ಹೋದವಳು ನಾನು. ಮಗನ ಮನೆಗೆ ಎರಡನೆಯ ಸಲ ಹೊರಟಾಗ ಅವನೇ ಹಣ ಕಟ್ಟಿ ಕಾದಿರಿಸಿದ್ದ. ಕೂಸಿನ ತೊಟ್ಟಿಲು ಸಿಕ್ಕಿಸುವುದು ಆ ಗೋಡೆಗೇ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಎಡಕ್ಕೊಂದು, ಬಲಕ್ಕೊಂದು ಎಳೆಯ ಕೂಸು. ವಿಮಾನ ಸ್ವಲ್ಪ ಅಲುಗಾಡಿ ಬೆಲ್ಟಿನ ದೀಪ ಹತ್ತಿದಾಗಲೆಲ್ಲ ಮಲಗಿದ್ದ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಲೇಬೇಕು. ಎತ್ತಿದೊಡನೆ ಅದು ಎಚ್ಚರಾಗಿ ಅಳುತ್ತದೆ, ಅದನ್ನು ಕೇಳಿ ಇನ್ನೊಂದು ಏಳುತ್ತದೆ. ಆ ತಾಯಂದಿರ ಮೇಲೆ ನನಗೆ ಮರುಕವೇ ಬಂತು. ಆದರೆ ರಾತ್ರಿಯಿಡೀ ಕಣ್ಣು ಮುಚ್ಚಲಾಗಲಿಲ್ಲವೆಂಬುದೂ ನಿಜ.

ಇನ್ನೊಂದು ಮಾತು. ಎದುರಿಗೆ ಸೀಟಿಲ್ಲದ ಕಾರಣ ಊಟದ ಹಲಗೆಯನ್ನು ಕೈಯಿಡುವ ಪಟ್ಟಿಯೊಳಗೆ ಮಡಚಿಟ್ಟಿರುತ್ತಾರೆ. ಆ ಪಟ್ಟಿಯನ್ನು ಮೇಲೆತ್ತಲಾಗುವುದಿಲ್ಲ, ಕೂರುವ ಜಾಗವೂ ಇಕ್ಕಟ್ಟು. ಮಾತ್ರೆ, ನೀರಿನ ಬಾಟಲಿ ಇರುವ ಕೈಚೀಲವನ್ನು ವಿಮಾನ ಏರುವಾಗ, ಇಳಿಯುವಾಗ ಕಾಲ ಬಳಿ ಇಟ್ಟುಕೊಳ್ಳಲು ಬಿಡುವುದಿಲ್ಲ, ಮೇಲೆ ಇಡಬೇಕು. ಬೆಲ್ಟು ಬಿಚ್ಚಲು ಒಪ್ಪಿಗೆ ಸಿಗುವವರೆಗೆ ಅದು ಕೈಗೆ ಸಿಗುವುದಿಲ್ಲ. ಅಣ್ಣನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನೆನೆದು ಹೇಳುತ್ತಿದ್ದೇನೆ.

ಸುಮಾ, ಬೆಳಿಗ್ಗೆ 8:19
ಬೇಗ ಇಳಿಯುವ ವಿಷಯಕ್ಕೆ ಇಷ್ಟೇ ಹೇಳುತ್ತೇನೆ, ಅಣ್ಣ. ವೀಲ್‌ಚೇರ್ ಕೇಳಿದವರನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಹತ್ತಿಸಿ ಎಲ್ಲರ ನಂತರ ಇಳಿಸುತ್ತಾರೆ. ಅಪ್ಪ ಎಲ್ಲಿ ಕುಳಿತರೂ ಇಳಿಯುವುದು ಕೊನೆಯಲ್ಲೇ. ಮುಂದಿನ ಸೀಟಿಗೆಂದು ಹೆಚ್ಚು ಹಣ ಕೊಟ್ಟರೆ ಆ ಹಣಕ್ಕೆ ಸಿಗುವುದೇನೂ ಇಲ್ಲ.

ರಘು, ಬೆಳಿಗ್ಗೆ 8:46
ಹಾಗಾದರೆ ಕಿಟಕಿಯ ಬದಿಯ ಮೂರರ ಸಾಲಿನಲ್ಲಿ ಅಮ್ಮ ಕಿಟಕಿಗೆ, ಅಪ್ಪ ಅವಳ ಪಕ್ಕಕ್ಕೆ. ಕೆಲಸದ ಮೇಲೆ ನಾನು ಹಲವು ಸಲ ಇಷ್ಟೇ ದೂರ ಹೋಗಿ ಬಂದಿದ್ದೇನೆ, ಪ್ರತಿ ಸಲವೂ ಕಿಟಕಿಯನ್ನೇ ಆರಿಸುತ್ತೇನೆ. ಗೋಡೆಗೆ ದಿಂಬು ಆನಿಸಿ ತಲೆಯಿಟ್ಟರೆ ನಿದ್ದೆ ಬರುತ್ತದೆ. ಯಾರೂ ದಾಟಿಹೋಗಬೇಕೆಂದು ಎಬ್ಬಿಸುವುದಿಲ್ಲ, ನಡುದಾರಿಯಲ್ಲಿ ಬರುವ ತಳ್ಳುಗಾಡಿ ಮೊಣಕೈಗೆ ಬಡಿಯುವುದಿಲ್ಲ. ದುಬೈಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು ಗಂಟೆಯ ಹಾರಾಟ. ಅಷ್ಟು ಹೊತ್ತಿನಲ್ಲಿ ನಿದ್ದೆಗಿಂತ ದೊಡ್ಡ ಸುಖ ಯಾವುದಿದೆ?

ಸುಮಾ, ಬೆಳಿಗ್ಗೆ 9:12
ನಿನಗೆ ನಲವತ್ತು ವರ್ಷ ಅಣ್ಣ, ಅಪ್ಪನಿಗೆ ಎಪ್ಪತ್ತೊಂದು. ಕುಳಿತರೆ ಎಂಟು ಗಂಟೆ ಏಳದೆ ಇರುವುದು ನಿನಗೆ ಸುಖ. ಅಪ್ಪ ಎರಡು ಗಂಟೆಗೊಮ್ಮೆ ಎದ್ದು ಹೋಗಲೇಬೇಕು. ನೀನು ಹೇಳಿದಂತೆ ಕೂರಿಸಿದರೆ ನಡುದಾರಿಯ ಪಕ್ಕದಲ್ಲಿ ಯಾರೋ ಅಪರಿಚಿತರಿರುತ್ತಾರೆ, ಪ್ರತಿ ಸಲವೂ ಅವರನ್ನು ಎಬ್ಬಿಸಬೇಕು. ಅಪ್ಪನ ಸ್ವಭಾವ ನಿನಗೆ ಗೊತ್ತು. ಮದುವೆಮನೆಯ ಪಂಕ್ತಿಯಲ್ಲೂ ಪಕ್ಕದವರ ಊಟ ಮುಗಿಯುವವರೆಗೆ ಎಲೆ ಬಿಟ್ಟು ಏಳದ ಮನುಷ್ಯ, ಮಲಗಿರುವ ಅಪರಿಚಿತರನ್ನು ಮೂರು ಸಲ ಎಬ್ಬಿಸುತ್ತಾರೆಯೇ? ತಡೆದುಕೊಂಡು ಕೂರುತ್ತಾರೆ. ತಡೆಯಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಬಿಡುತ್ತಾರೆ. ಹೋದ ಸಲ ಅವರು ಇಲ್ಲಿಗೆ ಬಂದಿಳಿದಾಗ ಎರಡೂ ಪಾದ ಊದಿಕೊಂಡು ಚಪ್ಪಲಿಯೊಳಕ್ಕೆ ಹೋಗದಿದ್ದುದನ್ನು ನೋಡಿದವಳು ನಾನು. ಅಂದು ಅವರು ಕುಳಿತಿದ್ದುದು ಕಿಟಕಿಯ ಪಕ್ಕದಲ್ಲೇ.

ಡಾ. ಅನುಪಮಾ, ಬೆಳಿಗ್ಗೆ 9:40
ಸುಮಾ ಹೇಳಿದ್ದಕ್ಕೆ ವೈದ್ಯಕೀಯ ಆಧಾರವಿದೆ, ರಘು ಅಣ್ಣ. ಕುಳಿತಲ್ಲೇ ಇದ್ದರೆ ಕಾಲಿನ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ಮಾಡುವುದಿಲ್ಲ, ಆಳದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕುಳಿತು ಪ್ರಯಾಣ ಮಾಡಿದವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಎರಡು ಪಟ್ಟಾದರೂ ಅದು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರುವಷ್ಟು, ಆದ್ದರಿಂದ ಯಾರೂ ಗಾಬರಿಪಡಬೇಕಾಗಿಲ್ಲ. ಆದರೆ ಕಿಟಕಿಯ ಪಕ್ಕದವರು ಎದ್ದು ಓಡಾಡುವುದು ಕಡಿಮೆ, ಅದಕ್ಕಾಗಿ ಅವರಿಗೆ ಅಪಾಯ ಹೆಚ್ಚು. ವಯಸ್ಸಾದವರಿಗೆ ನಡುದಾರಿಯ ಸೀಟನ್ನು ಸೂಚಿಸುವುದು ಇದೇ ಕಾರಣಕ್ಕೆ.

ದೊಡ್ಡಮ್ಮನ ಕಾಲಿನಲ್ಲಿ ಉಬ್ಬಿದ ರಕ್ತನಾಳಗಳಿವೆ. ನೀವು ದೊಡ್ಡಪ್ಪನ ಮಂಡಿಯನ್ನೇ ಚರ್ಚಿಸುತ್ತ ಅವರನ್ನು ಮರೆತಿದ್ದೀರಿ. ಬಿಗಿ ಕಾಲುಚೀಲ ಬೇಕೇ, ಬೇಕಾದರೆ ಯಾವ ಅಳತೆಯದು ಎಂಬುದನ್ನು ಅವರನ್ನು ನೋಡುವ ವೈದ್ಯರಲ್ಲಿ ಈ ವಾರವೇ ಕೇಳಬೇಕು.

ರಘು, ಬೆಳಿಗ್ಗೆ 10:02
ಒಪ್ಪಿದೆ. ಆದರೂ ನಡುವಿನ ಸಾಲೇ ಏಕೆ? ಬದಿಯ ಮೂರರಲ್ಲಿ ಅಪ್ಪ ನಡುದಾರಿಗೆ, ಅಮ್ಮ ಪಕ್ಕಕ್ಕೆ, ಕಿಟಕಿಗೆ ಯಾರಾದರೂ ಬರಲಿ. ಕಿಟಕಿ ಕೇಳಿ ಪಡೆದವರು ಹೇಗೂ ನಿದ್ದೆ ಮಾಡುತ್ತಾರೆ.

ಸುಮಾ, ಬೆಳಿಗ್ಗೆ 10:31
ಅವರು ಹದಿನಾರು ಗಂಟೆಯಲ್ಲಿ ಒಮ್ಮೆಯೂ ಏಳುವುದಿಲ್ಲವೇ? ಎದ್ದಾಗಲೆಲ್ಲ ಅಪ್ಪ, ಅಮ್ಮ ಇಬ್ಬರೂ ಎದ್ದು ದಾರಿಯಲ್ಲಿ ನಿಲ್ಲಬೇಕು. ಕುಳಿತಲ್ಲಿಂದ ಅಪ್ಪ ಮಂಡಿ ಹಿಡಿದು ಏಳಲು ಎಷ್ಟು ಹೊತ್ತು ಬೇಕೆಂಬುದು ನಮಗೆಲ್ಲ ಗೊತ್ತಿದೆ.

ಇಡೀ ನಕ್ಷೆಯನ್ನು ನಿನ್ನೆ ರಾತ್ರಿ ಎದುರಿಗಿಟ್ಟುಕೊಂಡು ಯೋಚಿಸಿದೆ. ಇವರು ಹೋಗುವುದು ಎ380 ವಿಮಾನದಲ್ಲಿ, ಅದರ ಕೆಳಗಿನ ಅಂತಸ್ತಿನಲ್ಲಿ. ಒಂದು ಬದಿಗೆ ಮೂರು, ನಡುವೆ ನಾಲ್ಕು, ಇನ್ನೊಂದು ಬದಿಗೆ ಮೂರು ಸೀಟು. ನಡುವಿನ ನಾಲ್ಕಕ್ಕೆ ಡಿ, ಇ, ಎಫ್, ಜಿ ಎಂಬ ಗುರುತು, ಎರಡು ಪಕ್ಕಕ್ಕೂ ನಡುದಾರಿ. ಡಿಯಲ್ಲಿ ಅಪ್ಪ, ಇಯಲ್ಲಿ ಅಮ್ಮ ಕುಳಿತರೆ ಅಮ್ಮ ಏಳಬೇಕಾದಾಗ ಅಪ್ಪನನ್ನು ಮಾತ್ರ ಎಬ್ಬಿಸುತ್ತಾಳೆ. ಎಫ್‌ನಲ್ಲಿ ಕುಳಿತವರಿಗೆ ಜಿ ಕಡೆಯ ದಾರಿ ಹತ್ತಿರ, ಅವರು ಇವರ ಕಡೆಗೆ ಬರಬೇಕಾಗಿಯೇ ಇಲ್ಲ. ಯಾವ ಅಪರಿಚಿತರೂ ಇವರನ್ನು ದಾಟಬೇಕಾಗಿಲ್ಲ, ಇವರೂ ಯಾವ ಅಪರಿಚಿತರನ್ನು ದಾಟಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೇ ಹೋಗುವಾಗ ಈ ಅನುಕೂಲ ಬದಿಯ ಮೂರರಲ್ಲಿ ಹೇಗೆ ಕೂರಿಸಿದರೂ ಸಿಗುವುದಿಲ್ಲ. ಚಿಕ್ಕಪ್ಪ ಕಳುಹಿಸಿದ ಸಂದೇಶದಲ್ಲಿ "ಯಾವ ಕಾರಣಕ್ಕೂ ಒಪ್ಪಬೇಡಿ" ಎಂದಿರುವುದು ಈ ಸಾಲನ್ನೇ. ಅದನ್ನು ಬರೆದವರು ಒಬ್ಬಂಟಿಯಾಗಿ ಹೋಗುವ, ಗಟ್ಟಿ ಕಾಲುಗಳ ಪ್ರಯಾಣಿಕರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ.

ರಘು, ಬೆಳಿಗ್ಗೆ 10:38
ಇದು ನನಗೆ ಹೊಳೆದಿರಲಿಲ್ಲ. ಆದರೆ ಅಮ್ಮನಿಗೆ ತಲೆ ಆನಿಸಲು ಗೋಡೆ ಇರುವುದಿಲ್ಲ.

ಡಾ. ಅನುಪಮಾ, ಬೆಳಿಗ್ಗೆ 10:50
ತಲೆಯಿಡುವ ಭಾಗದ ಎರಡು ಅಂಚುಗಳನ್ನು ಒಳಕ್ಕೆ ಮಡಚಲು ಈಗ ಹೆಚ್ಚಿನ ಸೀಟುಗಳಲ್ಲಿ ಬರುತ್ತದೆ. ಕುತ್ತಿಗೆಯ ದಿಂಬೂ ಇರಲಿ. ಹೊದಿಕೆ ಹೊದ್ದ ಮೇಲೆ ಅದರ ಹೊರಗೆ ಕಾಣುವಂತೆ ಬೆಲ್ಟು ಕಟ್ಟಿಕೊಂಡು ಮಲಗಲಿ, ಆಗ ಬೆಲ್ಟು ನೋಡಲೆಂದು ಯಾರೂ ಎಬ್ಬಿಸುವುದಿಲ್ಲ. 2024ರ ಮೇ ತಿಂಗಳಿನಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನವೊಂದು ಹಠಾತ್ತನೆ ಗಾಳಿಯ ಹೊಡೆತಕ್ಕೆ ಸಿಕ್ಕಿ ಬ್ಯಾಂಕಾಕ್‌ನಲ್ಲಿ ಇಳಿಯಬೇಕಾಯಿತು. ಬೆಲ್ಟು ಕಟ್ಟದವರು ಕೆಲವೇ ಸೆಕೆಂಡುಗಳಲ್ಲಿ ಮೇಲಕ್ಕೆ ಎಸೆಯಲ್ಪಟ್ಟು ಗಾಯಗೊಂಡರು. ಎಲ್ಲಿ ಕುಳಿತರೂ ಈ ಒಂದನ್ನು ತಪ್ಪಿಸಬಾರದು.

ಶ್ರೀಧರ ಚಿಕ್ಕಪ್ಪ, ಬೆಳಿಗ್ಗೆ 11:15
ಸುಮಾ, ನೀನು ಲೆಕ್ಕ ಹಾಕಿದ ರೀತಿ ನನಗೆ ಹಿಡಿಸಿತು. ನಾನು ಸಂದೇಶ ಕಳುಹಿಸುವ ಮೊದಲು ಅಣ್ಣನನ್ನು ಕೇಳಬೇಕಿತ್ತು. ಆದರೆ ನಡುವಿನ ಸಾಲು ಎಂದ ಮೇಲೆ ಎಷ್ಟನೆಯ ಸಾಲು ಎಂಬುದೂ ನಿರ್ಧಾರವಾಗಬೇಕು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರ ಪಾಡು ನಮಗೆ ಹೊಸದಲ್ಲ, ಅದೇ ಬಸ್ಸಿನ ನಡುವೆ ಕುಳಿತವರಿಗೆ ಅಷ್ಟು ಕುಲುಕಾಟವಿಲ್ಲ. ವಿಮಾನದಲ್ಲೂ ಹಾಗೆಯೇ ಇರಬೇಕಲ್ಲವೇ?

ಸುಮಾ, ಬೆಳಿಗ್ಗೆ 11:34
ಹಾಗೆಯೇ ಚಿಕ್ಕಪ್ಪ. ವಿಮಾನದ ಭಾರದ ಕೇಂದ್ರ ರೆಕ್ಕೆಗಳ ಹತ್ತಿರವಿರುವುದರಿಂದ ಅಲ್ಲಿ ಏರಿಳಿತ ಕಡಿಮೆ, ಬಾಲದ ಕಡೆಗೆ ಹೋದಷ್ಟೂ ಹೆಚ್ಚು. ಇಂಜಿನಿನ ಸದ್ದು ರೆಕ್ಕೆಯ ಮುಂದೆ ಕಡಿಮೆ, ಹಿಂದೆ ಜಾಸ್ತಿ. ಆದ್ದರಿಂದ ರೆಕ್ಕೆಯ ಮುಂಚಿನ ಭಾಗದ ಸಾಲುಗಳನ್ನು ನೋಡುತ್ತಿದ್ದೇನೆ. ಶೌಚಾಲಯ ಮೂರು ನಾಲ್ಕು ಸಾಲಿನಷ್ಟು ದೂರವಿರಲಿ. ಅದಕ್ಕೆ ಅಂಟಿಕೊಂಡ ಸೀಟು ಅಪ್ಪನಿಗೆ ಅನುಕೂಲವೆಂದು ತೋರಿದರೂ ರಾತ್ರಿಯೆಲ್ಲ ಬಾಗಿಲಿನ ಬೆಳಕು, ನೀರಿನ ಸದ್ದು, ಸರದಿಯಲ್ಲಿ ನಿಂತವರು ಸೀಟಿನ ಬೆನ್ನು ಹಿಡಿದು ಅಲುಗಿಸುವುದು ಇರುತ್ತದೆ. ಹಿಂದೆ ಗೋಡೆಯಿರುವ ಕೊನೆಯ ಸಾಲೂ ಬೇಡ, ಅಲ್ಲಿ ಕೆಲವು ಸೀಟುಗಳು ಹಿಂದಕ್ಕೆ ಬಾಗುವುದಿಲ್ಲ.

ವಸಂತಾ ಅತ್ತೆ, ಬೆಳಿಗ್ಗೆ 11:41
ಸಸ್ಯಾಹಾರದ ಊಟವನ್ನು ಮೊದಲೇ ಹೇಳಿದ್ದೀರಷ್ಟೇ? ಹೇಳಿದ್ದರೆ ಉಳಿದವರಿಗಿಂತ ಮೊದಲೇ ತಂದುಕೊಡುತ್ತಾರೆ, ಯಾವ ಸಾಲಿನಲ್ಲಿ ಕುಳಿತರೂ ಚಿಂತೆಯಿಲ್ಲ. ನಡುದಾರಿಯ ಕಡೆಯ ಕೈಪಟ್ಟಿಯ ಅಡಿಯಲ್ಲಿ, ಅದು ಸೀಟಿನ ಬೆನ್ನಿಗೆ ಸೇರುವಲ್ಲಿ, ಅನೇಕ ವಿಮಾನಗಳಲ್ಲಿ ಸಣ್ಣ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿದರೆ ಪಟ್ಟಿ ಮೇಲೇಳುತ್ತದೆ. ಅಣ್ಣನಿಗೆ ಕಾಲನ್ನು ಪಕ್ಕಕ್ಕೆ ತಿರುಗಿಸಿ ಏಳಲು ಅದರಿಂದ ಸುಲಭವಾಗುತ್ತದೆ. ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.

ಅಪ್ಪ, ಮಧ್ಯಾಹ್ನ 12:20
ಎಲ್ಲರ ಮಾತನ್ನೂ ಓದಿದೆ. ಪಾದ ಊದಿದ್ದ ವಿಷಯವನ್ನು ಸುಮಾ ಮರೆತಿರಬಹುದೆಂದುಕೊಂಡಿದ್ದೆ. ಅಂದು ಪಕ್ಕದಲ್ಲಿದ್ದ ಹುಡುಗ ಒಳ್ಳೆಯವನೇ, ಎಬ್ಬಿಸಲು ನನಗೇ ಸಂಕೋಚವಾಯಿತು. ಡಿ ಸೀಟೇ ಇರಲಿ. ನಿಮ್ಮ ಅಮ್ಮ ಮಾತ್ರ ಬೆಳಿಗ್ಗೆಯಿಂದ ಈ ಚರ್ಚೆಯನ್ನು ಓದಿಸಿಕೊಂಡು ಕೇಳುತ್ತ ಏನೂ ಹೇಳದೆ ಕುಳಿತಿದ್ದಾಳೆ.

ಅಮ್ಮ, ಮಧ್ಯಾಹ್ನ 12:52
ಸುಮಾ, ನಿಮ್ಮ ಅಪ್ಪನ ಪಕ್ಕದಲ್ಲಿ ನಡುವೆ ಕೂರಲು ನನಗೆ ಯಾವ ತಕರಾರೂ ಇಲ್ಲ. ಹೋದ ಸಲ ಅವರು ತಡೆದುಕೊಂಡು ಕುಳಿತಿದ್ದುದು ನನಗೆ ಗೊತ್ತಿತ್ತು, ಹೇಳಿದರೂ ಕೇಳಲಿಲ್ಲ. ನನ್ನದೊಂದು ಆಸೆಯಿದೆ. ಬೆಂಗಳೂರಿನಿಂದ ದುಬೈಗೆ ಹೋಗುವಾಗ ಬೆಳಗಿನ ಹೊತ್ತು. ಘಟ್ಟ ಇಳಿದು ಕಡಲು ಸೇರುವ ಜಾಗವನ್ನು ಮೇಲಿನಿಂದ ನೋಡಬೇಕೆಂದು ಹೋದ ಸಲವೇ ಅಂದುಕೊಂಡಿದ್ದೆ. ಆಗ ರಾತ್ರಿಯ ವಿಮಾನವಾದ್ದರಿಂದ ಏನೂ ಕಾಣಲಿಲ್ಲ. ಅದು ನಾಲ್ಕೇ ಗಂಟೆಯ ಪ್ರಯಾಣ. ಅಷ್ಟಕ್ಕೆ ನನಗೆ ಕಿಟಕಿ ಸಿಗುವುದಾದರೆ ಸಂತೋಷ, ನಿಮ್ಮ ಅಪ್ಪನಿಗೆ ತೊಂದರೆಯಾಗುವುದಾದರೆ ಬೇಡ.

ಅಪ್ಪ, ಮಧ್ಯಾಹ್ನ 12:55
ನನಗೆ ತೊಂದರೆಯಿಲ್ಲ. ಹತ್ತುವ ಮೊದಲು ಒಮ್ಮೆ ಹೋಗಿಬರುತ್ತೇನೆ, ನಡುವೆ ಬೇಕಾದರೆ ಪಕ್ಕದವರನ್ನು ಎಬ್ಬಿಸುತ್ತೇನೆ. ಕಿಟಕಿ ಅವಳಿಗೇ ಇರಲಿ.

ರಘು, ಮಧ್ಯಾಹ್ನ 1:10
ಅಮ್ಮ, ವಿಮಾನ ವಾಯವ್ಯಕ್ಕೆ ಹೋಗುತ್ತದೆ. ಈ ತಿಂಗಳುಗಳಲ್ಲಿ ಆ ಹೊತ್ತಿಗೆ ಸೂರ್ಯ ದಕ್ಷಿಣದ ಕಡೆ ಇರುವುದರಿಂದ ಎಡಗಡೆಯ ಕಿಟಕಿಗೆ ಬಿಸಿಲು ಹೊಡೆದು ಪರದೆ ಇಳಿಸಬೇಕಾಗಬಹುದು. ಬಲಗಡೆಯ ಕಿಟಕಿ ತೆಗೆದುಕೊಳ್ಳೋಣ, ರೆಕ್ಕೆ ಅಡ್ಡ ಬಾರದಂತೆ ಅದಕ್ಕಿಂತ ಹಿಂದಿನ ಸಾಲಿನಲ್ಲಿ. ಹೆಚ್ಚು ಕುಲುಕಾಟವಾದರೂ ನಾಲ್ಕು ಗಂಟೆ ಅಷ್ಟೇ.

ಸುಮಾ, ಮಧ್ಯಾಹ್ನ 1:48
ಎರಡನ್ನೂ ಕಾದಿರಿಸಿದೆ. ದುಬೈವರೆಗೆ ಬಲಗಡೆಯ ಕಿಟಕಿಯಲ್ಲಿ ಅಮ್ಮ, ಪಕ್ಕದಲ್ಲಿ ಅಪ್ಪ. ಅಲ್ಲಿಂದ ಮುಂದೆ ನಡುವಿನ ಸಾಲಿನ ಡಿ ಮತ್ತು ಇ. ಕೆಲವೊಮ್ಮೆ ಕೊನೆಯ ಗಳಿಗೆಯಲ್ಲಿ ವಿಮಾನವನ್ನೇ ಬದಲಿಸಿ ಸೀಟಿನ ಸಂಖ್ಯೆಗಳನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಆದ್ದರಿಂದ ಅಣ್ಣ, ಹೊರಡುವ ಎರಡು ದಿನ ಮುಂಚೆ ನೀನು ಇನ್ನೊಮ್ಮೆ ನಕ್ಷೆ ತೆರೆದು ನೋಡು, ಬದಲಾಗಿದ್ದರೆ ಯಾವ ಹೊತ್ತಾದರೂ ಸರಿ, ನನಗೆ ಕರೆ ಮಾಡು.